ಮಾವನ ಅಂಗಡಿಯ ಕಪ್ಪು ಪರದೆ

ಮನೆಯಲ್ಲಿ ಒಬ್ಬ ಎಂಜಿನಿಯರ್ ಇದ್ದರೆ ಮಿಕ್ಸಿಯಿಂದ ಹಿಡಿದು ಮೀಟರ್ ಬೋರ್ಡಿನವರೆಗೆ ಎಲ್ಲದಕ್ಕೂ ಅವನೇ ಜವಾಬ್ದಾರ. ನಾನು ಕೆಲಸ ಮಾಡೋದು ಸಾಫ್ಟ್‌ವೇರಿನಲ್ಲಿ, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದ್ದು ಕಾಲೇಜಿನ ಲ್ಯಾಬಿನಲ್ಲೇ ಕೊನೆ ಅಂತ ಎಷ್ಟು ಸಲ ಹೇಳಿದರೂ ನಮ್ಮ ನೆಂಟರು ನಂಬೋದಿಲ್ಲ. ಕಳೆದ ಸಲ ಈ ಅಂಕಣದಲ್ಲಿ ಫೋನಿನ ಬ್ಯಾಕಪ್ ಬಗ್ಗೆ ಬರೆದ ಮೇಲಂತೂ ಇಬ್ಬರು ಚಿಕ್ಕಮ್ಮಂದಿರು ಫೋನ್ ಮಾಡಿ ಟಿವಿ ರಿಮೋಟ್ ಸರಿಮಾಡೋದು ಹೇಗೆ ಅಂತ ಕೇಳಿದರು.

ಹಾಗಾಗಿ ಹೋದ ಶುಕ್ರವಾರ ರಾತ್ರಿ ಒಂಬತ್ತೂವರೆಗೆ ತಿಪಟೂರಿನಿಂದ ಮಾವನ ಫೋನ್ ಬಂದಾಗ ಮೊದಲು ಬಂದಿದ್ದು ಸಣ್ಣ ಬೇಜಾರೇ. ಆಫೀಸಿನ ಕಾಲ್ ಆಗ ತಾನೇ ಮುಗಿದಿತ್ತು, ತಟ್ಟೆಯಲ್ಲಿ ಅನ್ನ ಆರ್ತಾ ಇತ್ತು.

"ಕಂಪ್ಯೂಟರ್ ಹೋಯ್ತು ಕಣೋ," ಅಂದರು. "ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಸಂಜೆ ರಿಪೇರಿಯವನು ಬಂದು ನೋಡಿದ. ಮದರ್‌ಬೋರ್ಡೇ ಹೋಗಿದೆ ಅಂದ. ಹಳೇದನ್ನ 800 ರೂಪಾಯಿಗೆ ತಗೋತಾನಂತೆ. ಹೊಸದು ಜೋಡಿಸೋಕೆ 32 ಸಾವಿರ."

ಅಮ್ಮನ ತಮ್ಮ ಅವರು. ತಾಲ್ಲೂಕು ಕಚೇರಿಗೆ ಹೋಗೋ ದಾರಿಯಲ್ಲಿ, ಒಂದು ಕೊಬ್ಬರಿ ಮಂಡಿಯ ಪಕ್ಕದ ಹತ್ತಡಿ ಅಗಲದ ಕೋಣೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಪಹಣಿ ತಿದ್ದುಪಡಿಗೆ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅಲ್ಲೇ ಹುಟ್ಟಿದ್ದು. ನಾನು ಕೀಬೋರ್ಡ್ ಮುಟ್ಟಿದ್ದೂ ಮೊದಲು ಅಲ್ಲೇ. ಆದರೆ ಈಗ ಲಗ್ನಪತ್ರಿಕೆ ವಾಟ್ಸ್‌ಆಪಿನಲ್ಲಿ ಬರುತ್ತೆ. ಐನೂರು ಕಾರ್ಡ್ ಹಾಕಿಸ್ತಿದ್ದವರು ಈಗ ದೇವರ ಮುಂದೆ ಇಡೋಕೆ, ಹಿರಿಯರಿಗೆ ಕೊಡೋಕೆ ಅಂತ ಐವತ್ತು ಹಾಕಿಸ್ತಾರೆ. ಮಾವ ಎರಡು ವರ್ಷದಿಂದ ಅಂಗಡಿ ಮುಚ್ಚೋ ಮಾತು ಆಡ್ತಾನೇ ಇದ್ದಾರೆ. 32 ಸಾವಿರ ಅನ್ನೋದು ಅವರಿಗೆ ಖರ್ಚಿನ ಲೆಕ್ಕ ಅಲ್ಲ, ಮುಚ್ಚೋದಕ್ಕೆ ಸಿಕ್ಕ ಕಾರಣ ಅಂತ ಅವರ ದನಿಯಲ್ಲೇ ಗೊತ್ತಾಯ್ತು.

"ಮುಚ್ಚಿಬಿಡ್ತೀನಿ ಬಿಡು. ಆದ್ರೆ ಇವತ್ತಿಂದು ಒಂದಿದೆ. ನಮ್ಮ ಬೀದಿ ಕೊನೆ ಮನೆ ಅಜ್ಜಿ ಹೋದ್ರಲ್ಲ, ಅವರ ಶಿವಗಣಾರಾಧನೆ ಪತ್ರಿಕೆ. ಮುನ್ನೂರು ಕಾರ್ಡ್ ಬೆಳಿಗ್ಗೆ ಕೊಡ್ಬೇಕು. ಕಂಪೋಸ್ ಆಗಿದೆ, ಪ್ರೂಫ್ ನೋಡಿ ಆಗಿದೆ, ಎಲ್ಲಾ ಅದರ ಹೊಟ್ಟೇಲಿದೆ."

ಮದುವೆಯ ಕಾರ್ಡ್ ಒಂದು ದಿನ ತಡ ಆದರೆ ಬೈಗುಳ ತಿಂದು ಸುಮ್ಮನಾಗಬಹುದು. ಸಾವಿನ ಕಾರ್ಡಿಗೆ ತಾರೀಕು ಮುಂದೂಡೋಕೆ ಆಗಲ್ಲ. ಪ್ರೆಸ್ಸಿನವನು ಹನ್ನೊಂದು ಗಂಟೆವರೆಗೆ ಕಾಯ್ತೀನಿ ಅಂದಿದ್ದಾನಂತೆ. ನಾನು ತಟ್ಟೆ ಪಕ್ಕಕ್ಕಿಟ್ಟು ವಿಡಿಯೊ ಕಾಲ್ ಮಾಡಿ ಅಂದೆ. ಅತ್ತೆ ಫೋನ್ ಹಿಡ್ಕೊಂಡರು, ಮಾವ ಟೇಬಲ್ ಮುಂದೆ ಕೂತರು.

ಆ ಯಂತ್ರದ ಜಾತಕ ನನಗೆ ಬಾಯಿಪಾಠ. 2009ರಲ್ಲಿ ಜೋಡಿಸಿದ್ದು. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ಒಳಗೆ ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈಬಿಟ್ಟಿತು. ಮಾವ ಕೈಬಿಡಲಿಲ್ಲ. ಇಂಟರ್‌ನೆಟ್ ಇಲ್ಲ, ವೈರಸ್ ಭಯ ಇಲ್ಲ. ಪೇಜ್‌ಮೇಕರ್ 7, ನುಡಿ, ಒಂದು ಲೇಸರ್ ಪ್ರಿಂಟರ್. ಅಷ್ಟೇ ಅವರ ಪ್ರಪಂಚ.

"ಮಾವ, ಮೊದಲು ಮಾನಿಟರ್ ಕೆಳಗಿನ ಲೈಟ್ ನೋಡಿ. ಯಾವ ಬಣ್ಣ?"

"ಕೇಸರಿ. ಮಿಣುಕ್ತಾ ಇದೆ."

ಹಳೆಯ ಎಲ್‌ಸಿಡಿ ಮಾನಿಟರುಗಳಲ್ಲಿ ಸಾಮಾನ್ಯವಾಗಿ ಚಿತ್ರ ಬರ್ತಿದ್ದರೆ ಲೈಟ್ ನೀಲಿ ಅಥವಾ ಹಸಿರು, ಸಿಗ್ನಲ್ ಸಿಗದೆ ಮಲಗಿದ್ದರೆ ಕೇಸರಿ. ಲೈಟೇ ಇಲ್ಲದಿದ್ದರೆ ಮಾನಿಟರಿಗೆ ಕರೆಂಟ್ ಬರ್ತಿಲ್ಲ ಅಂತ ಲೆಕ್ಕ. ಕೇಸರಿ ಅಂದರೆ ಮಾನಿಟರ್ ಎದ್ದು ಕೂತಿದೆ, ಅದಕ್ಕೆ ಯಾರೂ ಏನೂ ಹೇಳ್ತಿಲ್ಲ. ಖಾತ್ರಿ ಮಾಡ್ಕೊಳ್ಳೋದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸಿಪಿಯು ಕಡೆಯಿಂದ ನೀಲಿ ತಲೆಯ ಕೇಬಲ್ ಕಿತ್ತು, ಮಾನಿಟರನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಮಾನಿಟರ್ ಚೆನ್ನಾಗಿದ್ದರೆ ಕೇಬಲ್ ನೋಡಿ ಅಂತಲೋ ಸಿಗ್ನಲ್ ಇಲ್ಲ ಅಂತಲೋ ಒಂದು ಚೌಕ ಪರದೆ ಮೇಲೆ ಬರುತ್ತೆ.

ಮಾವ ಕಿತ್ತರು. ಚೌಕ ಬಂತು. ಅತ್ತೆ "ಅಯ್ಯೋ ಬಂತು!" ಅಂತ ಕೂಗಿದರು. ಅದು ಮಾನಿಟರಿನ ಸ್ವಂತ ಮಾತು ಅತ್ತೆ, ಕಂಪ್ಯೂಟರಿನದ್ದಲ್ಲ ಅಂತ ಹೇಳೋವಾಗ ನನಗೇ ಪಾಪ ಅನಿಸಿತು.

ಚೌಕ ಬರದೇ ಹೋಗಿದ್ದರೆ ಇನ್ನೊಂದು ನೋಡಬೇಕಿತ್ತು. ಹಳೆಯ ಎಲ್‌ಸಿಡಿಗಳಲ್ಲಿ ಪರದೆಯ ಹಿಂದೆ ಬೆಳಕು ಕೊಡೋದು ಸಣ್ಣ ಟ್ಯೂಬ್‌ಲೈಟ್‌ಗಳು. ಅವು ಅಥವಾ ಅವಕ್ಕೆ ಕರೆಂಟ್ ಕೊಡೋ ಬೋರ್ಡು ಸತ್ತರೆ ಚಿತ್ರ ಇರುತ್ತೆ, ಬೆಳಕಿರಲ್ಲ. ಕತ್ತಲಲ್ಲಿ ಫೋನಿನ ಟಾರ್ಚನ್ನ ಪರದೆಗೆ ಓರೆಯಾಗಿ ಹಿಡಿದರೆ ಮಸುಕಾಗಿ ಐಕಾನುಗಳು ಕಾಣಿಸ್ತವೆ. ನಿಮ್ಮ ಮನೆಯಲ್ಲಿ ಇಂಥ ಮಾನಿಟರ್ ಇದ್ದರೆ ಎಸೆಯೋ ಮೊದಲು ಇದೊಂದು ಮಾಡಿ ನೋಡಿ. ಹಿಂಬದಿ ಮುಚ್ಚಳ ಮಾತ್ರ ಬಿಚ್ಚಬೇಡಿ. ಕಂಪ್ಯೂಟರಿನ ಕರೆಂಟ್ ಡಬ್ಬ, ಅದೇ ಎಸ್‌ಎಂಪಿಎಸ್, ಅದನ್ನೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳ ಒಳಗೆ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತೆ.

ಆಮೇಲೆ ಕೇಬಲ್. ಈ ನೀಲಿ ತಲೆಯ ವಿಜಿಎ 1987ರಲ್ಲಿ ಐಬಿಎಂ ಕಂಪ್ಯೂಟರುಗಳ ಜೊತೆ ಬಂದಿದ್ದು, ಐದೈದರ ಮೂರು ಸಾಲು, ಹದಿನೈದು ಪಿನ್ನಿನ ಜಾಗ. "ಒಂದು ಪಿನ್ ಇಲ್ವಲ್ಲೋ, ಮುರಿದಿದೆ!" ಅಂತ ಮಾವ ಗಾಬರಿಯಾದರು. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿರೋದು ಎಷ್ಟೋ ಕೇಬಲ್‌ಗಳಲ್ಲಿ ಮಾಮೂಲು, ತಯಾರಿಸುವಾಗಲೇ ಬಿಟ್ಟಿರ್ತಾರೆ. ಬಗ್ಗಿದ ಪಿನ್ ಇದೆಯಾ ಅಂತ ಮಾತ್ರ ನೋಡಿ ಅಂದೆ. ಇರಲಿಲ್ಲ. ಮತ್ತೆ ಸಿಕ್ಕಿಸಿ ಎರಡು ಕಡೆ ತಿರುಪು ಬಿಗಿ ಮಾಡಿದರು. ಪರದೆ ಕಪ್ಪೇ.

ಈಗ ಸಿಪಿಯು ಕಡೆ ತಿರುಗಬೇಕು. ರಿಪೇರಿಯವನು ಹೇಳಿದ್ದು ನಿಜ ಆಗಿದ್ದರೆ ಇಲ್ಲಿಗೇ ಕಥೆ ಮುಗೀತಿತ್ತು. ಅವನನ್ನ ನಾನು ದೂರೋದಿಲ್ಲ. ತನ್ನ ಮಾನಿಟರ್ ತಂದು ಹಾಕಿ ನೋಡಿದ್ದಾನೆ, ರ‍್ಯಾಮ್ ಬದಲಿಸಿ ನೋಡಿದ್ದಾನೆ. ಮದರ್‌ಬೋರ್ಡಿಗೆ ಬೀಪ್ ಅನ್ನೋ ಪುಟ್ಟ ಸ್ಪೀಕರ್ ಇದ್ದಿದ್ದರೆ ಅದು ಏನಾದರೂ ಕೂಗಿ ಸುಳಿವು ಕೊಡ್ತಿತ್ತು, ಇದರಲ್ಲಿ ಅದೂ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅಷ್ಟೇ.

"ಕೀಬೋರ್ಡಲ್ಲಿ ನಮ್ ಲಾಕ್ ಒತ್ತಿ ಮಾವ. ಹಸಿರು ಲೈಟ್ ಹತ್ತಿ ಆರುತ್ತಾ?"

ಒತ್ತಿದರು. ಹತ್ತಿತು. ಮತ್ತೆ ಒತ್ತಿದರು. ಆರಿತು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆ ಲೈಟ್ ಹತ್ತಿಸಿ ಆರಿಸೋದು ಕೀಬೋರ್ಡ್ ಅಲ್ಲ. ಕೀಲಿ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಅದು ಲೈಟ್ ಹಾಕು ಅಂತ ವಾಪಸ್ ಹೇಳಬೇಕು. ಅಂದರೆ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್ ಮೂರೂ ಉಸಿರಾಡ್ತಿವೆ. (ಲೈಟ್ ಬದಲಾಗದೇ ಇದ್ದಿದ್ದರೆ ನಾನು ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಎರಡು ಕಡೆ ಕ್ಲಿಪ್ ಟಕ್ ಅನ್ನೋವರೆಗೆ ಒತ್ತಿ ಕೂರಿಸಿ ಅಂತಿದ್ದೆ. ಹಳೆಯ ಡೆಸ್ಕ್‌ಟಾಪ್ ಕಪ್ಪು ಪರದೆಗೆ ನಮ್ಮ ಕಡೆ ಅರ್ಧ ರಿಪೇರಿ ಅದೇ, ಮತ್ತು ಆಗಾಗ ಕೆಲಸ ಮಾಡುತ್ತೆ ಕೂಡ.)

"ಹಾರ್ಡ್ ಡಿಸ್ಕ್ ಲೈಟ್ ಮಿಣುಕ್ತಾ ಇದೆಯಾ?"

"ಇಲ್ಲ. ಸುಮ್ನಿದೆ."

ಇದು ಹೊಂದಿಕೆ ಆಗಲಿಲ್ಲ. ಜೀವ ಇದೆ, ಆದರೆ ವಿಂಡೋಸ್ ಶುರು ಆಗ್ತಿಲ್ಲ. ಯಾವುದಕ್ಕೋ ಕಾಯ್ತಾ ಇರೋ ಹಾಗಿದೆ. ದಿನಾ ಆನ್ ಮಾಡೋದು ಹೇಗೆ, ಒಂದೊಂದಾಗಿ ಹೇಳಿ ಅಂದೆ.

"ಏನಿದೆ ಹೇಳೋಕೆ. ಮೇನ್ ಹಾಕ್ತೀನಿ, ಸ್ಟೆಬಿಲೈಜರ್ ಹಾಕ್ತೀನಿ, ಬಟನ್ ಒತ್ತುತ್ತೀನಿ, ದೇವರಿಗೆ ಊದಿನಕಡ್ಡಿ ಹಚ್ಚುತ್ತೀನಿ, ಎಫ್1 ಒತ್ತುತ್ತೀನಿ..."

"ಯಾಕೆ ಎಫ್1?"

"ಅದು ಕೇಳುತ್ತೆ ಕಣೋ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಕೇಳುತ್ತೆ. ಎಫ್1 ಒತ್ತಿದ್ರೆ ಮುಂದೆ ಹೋಗುತ್ತೆ. ಎಲ್ಲಾ ಕಂಪ್ಯೂಟರೂ ಕೇಳಲ್ವಾ?"

ಕೇಳಲ್ಲ. ಮದರ್‌ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯದ ಹಾಗಿರೋ ಗುಂಡಿ ಬ್ಯಾಟರಿ ಇರುತ್ತೆ, ಸಿಆರ್2032, 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸೋದು, ಸೆಟ್ಟಿಂಗ್ ನೆನಪಿಡೋದು ಅದರ ಕೆಲಸ. ಅದು ಸತ್ತರೆ, ರಾತ್ರಿ ಮೇನ್ ಆಫ್ ಮಾಡಿದ ಕೂಡಲೇ ಯಂತ್ರ ಎಲ್ಲಾ ಮರೆತುಬಿಡುತ್ತೆ. ಬೆಳಿಗ್ಗೆ ಎದ್ದು, ನನಗೇನೂ ನೆನಪಿಲ್ಲ, ಎಫ್1 ಒತ್ತಿದರೆ ಮುಂದೆ ಹೋಗ್ತೀನಿ ಅನ್ನುತ್ತೆ. ಮಾವ ಅದನ್ನ ಊದಿನಕಡ್ಡಿಯ ಜೊತೆ ಸೇರಿಸಿಕೊಂಡುಬಿಟ್ಟಿದ್ದಾರೆ.

"ಹಾಗಾದ್ರೆ ಈಗಲೂ ಒತ್ತಿ ಮಾವ."

"ಕಾಣ್ತಾನೇ ಇಲ್ವಲ್ಲೋ."

"ಕಾಣದಿದ್ರೂ ಒತ್ತಿ."

ಒತ್ತಿದರು. ಎರಡು ಸೆಕೆಂಡ್. ಅತ್ತೆ ಫೋನನ್ನ ಸಿಪಿಯು ಮುಂದಕ್ಕೆ ಹಿಡಿದರು. ಕೆಂಪು ಲೈಟ್ ಮಿಣುಕೋಕೆ ಶುರುವಾಯ್ತು. ಮಿಣುಕಿತು, ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು. ಕತ್ತಲಲ್ಲಿ ಯಾರೋ ಎದ್ದು ಓಡಾಡಿದ ಹಾಗೆ.

ಅಂಗಡಿಯ ಸ್ಪೀಕರ್ ಯಾವ ಕಾಲದಲ್ಲೋ ಹಾಳಾಗಿ ಹೋಗಿತ್ತು. ಅತ್ತೆಯ ಫೋನಿನ ಇಯರ್‌ಫೋನ್ ತಗೊಂಡು ಸಿಪಿಯು ಹಿಂದಿನ ಹಸಿರು ತೂತಿಗೆ ಹಾಕಿಸಿದೆ. ಒಮ್ಮೆ ಪವರ್ ಬಟನ್ ಮೆತ್ತಗೆ ಒತ್ತಿ ಆಫ್ ಮಾಡಿಸಿ, ಮತ್ತೆ ಆನ್, ಮತ್ತೆ ಕಣ್ಣು ಮುಚ್ಚಿ ಎಫ್1. ಅತ್ತೆ ಇಯರ್‌ಫೋನ್ ಕಿವಿಗೆ ಹಿಡಿದು ನಿಂತರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

"ಟೊಂಯ್ ಅಂತು!" ಅಂದರು ಅತ್ತೆ. "ನೀನು ಚಿಕ್ಕೋನಿದ್ದಾಗ ಅಂಗಡೀಲಿ ಕೇಳ್ತಿತ್ತಲ್ಲ, ಅದೇ!"

ಮದರ್‌ಬೋರ್ಡ್ ಹೋಗಿಲ್ಲ. ಹಾರ್ಡ್ ಡಿಸ್ಕ್ ಹೋಗಿಲ್ಲ. ಅಜ್ಜಿಯ ಕಾರ್ಡ್ ಇದೆ. ಹದಿನೈದು ವರ್ಷದ ಕೆಲಸ ಪೂರ್ತಿ ಇದೆ. ಯಂತ್ರ ಎದ್ದು ಕೂತು ಬಾಗಿಲು ತೆರೆದಿದೆ, ಚಿತ್ರ ಮಾತ್ರ ಹೊರಗೆ ಬರ್ತಿಲ್ಲ. ಟೈಮ್ ಹತ್ತೂಕಾಲು.

ಚಿತ್ರ ಹೊರಗೆ ಬರೋ ಬಾಗಿಲು ಯಾವುದು ಅಂತ ಯೋಚಿಸ್ತಾ, "ಮಾವ, ಹಿಂದುಗಡೆ ನೀಲಿ ತೂತು ಎಷ್ಟಿವೆ?" ಅಂದೆ.

"ಎರಡು. ಮೇಲೊಂದು ಉದ್ದಕ್ಕಿದೆ, ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಕೆಳಗೊಂದು ಅಡ್ಡಕ್ಕಿದೆ. ಕೇಬಲ್ ಕೆಳಗಡೇದಕ್ಕೆ ಇರೋದು."

ನನ್ನ ಹೊಟ್ಟೆಯಲ್ಲಿ ಒಂದು ತರಹ ಆಯ್ತು. ಆ ಕೆಳಗಿನ ತೂತು 2009ರಲ್ಲಿ ಇರಲಿಲ್ಲ. ಅದನ್ನ ಹಾಕಿದವನು ನಾನು.

2012. ಆಗ ನಾನು ಫಸ್ಟ್ ಪಿಯುಸಿ. ಒಂದು ಕಾರ್ ರೇಸ್ ಗೇಮಿನ ಹುಚ್ಚು. ಮಾವನ ಯಂತ್ರದಲ್ಲಿ ಆ ಗೇಮ್ ತಡವರಿಸ್ತಿತ್ತು, ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. "ಮಾವ, ಒಂದು ಕಾರ್ಡ್ ಹಾಕಿದ್ರೆ ಪೇಜ್‌ಮೇಕರ್ ಎರಡು ಪಟ್ಟು ಫಾಸ್ಟ್ ಆಗುತ್ತೆ" ಅಂತ ಹೇಳಿದೆ. ಹಸಿ ಸುಳ್ಳು. ಲಗ್ನಪತ್ರಿಕೆ ಕಂಪೋಸ್ ಮಾಡೋದಕ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಮೂರು ಕಾಸಿನ ಉಪಯೋಗ ಇಲ್ಲ. ಮಾವ ಒಂದು ಮಾತೂ ಕೇಳದೆ 1,900 ರೂಪಾಯಿ ಕೊಟ್ಟರು. ಬೆಂಗಳೂರಿಗೆ ಹೋದವರ ಜೊತೆ ನಾನೂ ಹೋಗಿ ಎಸ್.ಪಿ. ರೋಡಿನಲ್ಲಿ ಕೊಂಡು ತಂದು ನಾನೇ ಸಿಕ್ಕಿಸಿದೆ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಗೇಮ್ ಆಡ್ತಿದ್ದೆ. ಆಮೇಲೆ ಎಂಜಿನಿಯರಿಂಗ್, ಹಾಸ್ಟೆಲ್, ಕೆಲಸ. ಕಾರ್ಡ್ ಅಲ್ಲೇ ಉಳೀತು.

ಇದನ್ನೆಲ್ಲ ಆ ಹೊತ್ತಿನಲ್ಲಿ ಹೇಳಲಿಲ್ಲ. ಕೇಬಲ್ ಮೇಲಿನ ತೂತಿಗೆ ಹಾಕಿ ಅಂದೆ ಅಷ್ಟೇ. ಮುಚ್ಚಳ ಕಿತ್ತು ಹಾಕಿದರು. ಆಗಲೂ ಕಪ್ಪು. ಅದೂ ಸರಿಯೇ: ಇಂಥ ಹಳೆಯ ಬೋರ್ಡುಗಳಲ್ಲಿ ಬೇರೆ ಕಾರ್ಡ್ ಕೂತಿರೋದು ಕಂಡರೆ ಸಾಮಾನ್ಯವಾಗಿ ಬೋರ್ಡಿನ ಸ್ವಂತ ಚಿತ್ರದ ದಾರಿ ಮುಚ್ಚಿಕೊಳ್ಳುತ್ತೆ. ಕಾರ್ಡ್ ಚಿತ್ರ ಕೊಡ್ತಿದೆಯೋ ಇಲ್ಲವೋ ಅಂತ ಅದು ವಿಚಾರಿಸೋದಿಲ್ಲ. ಕೂತಿದ್ದಾನಲ್ಲ, ಕೆಲಸ ಅವನದೇ ಅಂತ ಸುಮ್ಮನಾಗುತ್ತೆ. ಆಫೀಸಿನಲ್ಲೂ ಇಂಥವರನ್ನ ನೋಡಿದ್ದೀನಿ.

ಕಾರ್ಡ್ ಕೀಳಲೇಬೇಕು. "ನಾನಾ? ಬಿಚ್ಚೋದಾ?" ಅಂದರು ಮಾವ. ಹದಿನೈದು ವರ್ಷ ಅದರ ಮುಂದೆ ಕೂತಿದ್ದಾರೆ, ಒಂದು ದಿನವೂ ಪಕ್ಕದ ಬಾಗಿಲು ತೆಗೆದಿಲ್ಲ.

ಪವರ್ ಬಟನ್ ಒತ್ತಿ ಆಫ್. ಗೋಡೆಯಿಂದ ಪ್ಲಗ್ ಕೀಳಿ. ಪ್ಲಗ್ ಕಿತ್ತ ಮೇಲೆ ಇನ್ನೊಮ್ಮೆ ಬಟನನ್ನ ಹತ್ತು ಎಣಿಸೋವರೆಗೆ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಹಿಂದೆ ಎರಡು ಸ್ಕ್ರೂ, ಪಕ್ಕದ ತಗಡು ಹಿಂದಕ್ಕೆ ಜಾರಿಸಿ. ಒಳಗಿನ ಯಾವುದನ್ನೂ ಮುಟ್ಟೋ ಮೊದಲು ಡಬ್ಬದ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಕಳೀಲಿ. ಒಂದೊಂದೂ ಹೇಳಿದೆ, ಒಂದೊಂದೂ ಮಾಡಿದರು. ತಗಡು ತೆಗೆದಾಗ ಅತ್ತೆ ಕ್ಯಾಮೆರಾ ಒಳಗೆ ಹಿಡಿದರೆ ಕಂಡಿದ್ದು ಬರೀ ಕಂದು ಬಣ್ಣದ ಹತ್ತಿ. ಪಕ್ಕದ ಮಂಡಿಯಿಂದ ವರ್ಷಗಟ್ಟಲೆ ಹಾರಿ ಬಂದ ತೆಂಗಿನ ನಾರಿನ ಧೂಳು.

ಕಾರ್ಡಿನ ಸ್ಕ್ರೂ ತೆಗೆದು ಮಾವ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಇಡೀ ಮದರ್‌ಬೋರ್ಡೇ ಬಿಲ್ಲಿನ ಹಾಗೆ ಬಗ್ಗಿದ್ದು ನನಗೆ ಫೋನಿನಲ್ಲಿ ಕಾಣಿಸ್ತು.

"ಮಾವ ನಿಲ್ಲಿಸಿ!"

ನಾನು ಕೂಗಿದ್ದಕ್ಕೆ ಪಕ್ಕದ ರೂಮಿನಿಂದ ಗೆಳೆಯ ಓಡಿ ಬಂದ. ಆ ಸ್ಲಾಟಿನ ಬಾಲದ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕೊಂಡಿ ಇರುತ್ತೆ. ಅದನ್ನ ಒತ್ತದೆ ಎಳೆದರೆ ಕಾರ್ಡ್ ಬರಲ್ಲ, ಸ್ಲಾಟೇ ಕಿತ್ತು ಬರಬಹುದು. ಅದನ್ನ ಹೇಳೋದನ್ನೇ ಮರೆತಿದ್ದೆ. ಚೆನ್ನಾಗಿರೋ ಮದರ್‌ಬೋರ್ಡನ್ನ ಎಂಜಿನಿಯರ್ ಅಳಿಯ ಫೋನಿನಲ್ಲೇ ಮುರಿಸಿದ ಅನ್ನಿಸಿಕೊಳ್ಳೋಕೆ ಒಂದು ಎಳೆತ ಬಾಕಿ ಇತ್ತು. ಅತ್ತೆ ಫೋನನ್ನ ಮಾವನ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸೋ ಹಾಗೆ ಧೂಳಿನೊಳಗೆ ಬೆರಳು ಹಾಕಿ ಕೊಂಡಿ ಹುಡುಕಿ ಒತ್ತಿದರು. ಕಾರ್ಡ್ ಮೆತ್ತಗೆ ಎದ್ದು ಬಂತು.

ಮತ್ತೆ ಪ್ಲಗ್. ಕೇಬಲ್ ಮೇಲಿನ ತೂತಿಗೆ. ಬಟನ್.

ಮಾನಿಟರಿನ ಲೈಟ್ ಕೇಸರಿಯಿಂದ ನೀಲಿ ಆಯ್ತು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಎಫ್1 ಒತ್ತು ಅಂತ ಬಂತು. ಮಾವ ಒತ್ತಿದರು. ಆ ಹಸಿರು ಗುಡ್ಡ, ನೀಲಿ ಆಕಾಶ. ಕಾರ್ಡ್ ಹೋಗಿದ್ದರಿಂದ ಬೋರ್ಡಿನ ಚಿತ್ರಕ್ಕೆ ಬೇಕಾದ ಡ್ರೈವರ್ ಇರಲಿಲ್ಲ. ಹಾಗಾಗಿ ಬಣ್ಣ ಒಡೆದು, ಐಕಾನು ಅಕ್ಷರ ಎಲ್ಲ ದಪ್ಪದಪ್ಪ. ಡ್ರೈವರ್ ನಾಳೆ ಹಾಕ್ತೀನಿ, ಇವತ್ತಿಗೆ ಸಂಭಾಳಿಸಿ ಅಂದೆ. "ಇರ್ಲಿ ಬಿಡು, ಕನ್ನಡಕ ಇಲ್ಲದೇ ಕಾಣ್ತಿದೆ," ಅಂದರು ಮಾವ.

ಅಜ್ಜಿಯ ಪತ್ರಿಕೆ ಟ್ರೇಸಿಂಗ್ ಶೀಟಿನ ಮೇಲೆ ಪ್ರಿಂಟ್ ಆಗಿ ಅಂಗಡಿಯಿಂದ ಹೊರಟಾಗ ಹತ್ತು ಐವತ್ತು. ಪ್ರೆಸ್ಸಿನವನು ಬಾಗಿಲು ಎಳೀತಾ ಇದ್ದನಂತೆ.

ಶನಿವಾರ ಬೆಳಗಿನ ರೈಲಿಗೆ ನಾನೇ ಹೋದೆ. ಜೇಬಲ್ಲಿ ಒಂದು ಗುಂಡಿ ಬ್ಯಾಟರಿ, ಬ್ಯಾಗಲ್ಲಿ ಲ್ಯಾಪ್‌ಟಾಪ್, 64 ಜಿಬಿ ಪೆನ್‌ಡ್ರೈವ್ ಎರಡು. ಮೊದಲು ಆ ಕಾರ್ಡ್ ನೋಡಿದೆ. ಅದರ ಪುಟ್ಟ ಫ್ಯಾನ್ ಧೂಳಿಗೆ ಕಚ್ಚಿಕೊಂಡು ಎಷ್ಟು ತಿಂಗಳಿಂದ ನಿಂತಿತ್ತೋ. ಪಕ್ಕದಲ್ಲಿ ಎರಡು ಕೆಪಾಸಿಟರ್ ತಲೆ ಉಬ್ಬಿಸಿಕೊಂಡಿದ್ದವು. ಈ ಸಿಲಿಂಡರುಗಳ ತಲೆ ಮೇಲೆ ಗೀರು ಹಾಕಿರ್ತಾರೆ. ಬಿಸಿಗೆ ಒಳಗಿನ ದ್ರವ ಕೆಟ್ಟು ಅನಿಲ ತುಂಬಿದರೆ ಸಿಡಿಯೋ ಬದಲು ಆ ಗೀರಿನಲ್ಲಿ ಬಿರುಕು ಬಿಡಲಿ ಅಂತ. ಚಪ್ಪಟೆ ಇರಬೇಕಾದ ತಲೆ ಗುಮ್ಮಟ ಆಗಿದ್ದರೆ ಅದರ ಕಾಲ ಮುಗೀತು ಅಂತ ಅರ್ಥ. ಮದರ್‌ಬೋರ್ಡಿನ ಕೆಪಾಸಿಟರುಗಳನ್ನೂ ಟಾರ್ಚ್ ಹಾಕಿ ಒಂದೊಂದಾಗಿ ನೋಡಿದೆ. ಎಲ್ಲ ಚಪ್ಪಟೆ. ಪೇಂಟ್ ಬ್ರಷ್ಷಿನಲ್ಲಿ ಧೂಳು ಗುಡಿಸಿದರೆ ಒಂದು ಮೊರದಷ್ಟು ಬಂತು.

ಆಮೇಲೆ ಫೈಲುಗಳು. ತಾರೀಕಿನ ಪ್ರಕಾರ ಜೋಡಿಸೋಣ ಅಂತ ನೋಡಿದರೆ ಎರಡು ವರ್ಷದ ಫೈಲುಗಳೆಲ್ಲ 2009ರ ಜನವರಿ 1. ಬ್ಯಾಟರಿ ಸತ್ತ ಮೇಲೆ ಗಡಿಯಾರ ದಿನಾ ಹುಟ್ಟಿದ ದಿನಕ್ಕೇ ವಾಪಸ್ ಹೋಗ್ತಿತ್ತು. ಈ ಅಂಗಡಿಯಲ್ಲಿ ಎರಡು ವರ್ಷದಿಂದ ಪ್ರತಿದಿನವೂ ಅದೇ ಒಂದು ದಿನ. ಸದ್ಯ, ಮಾವ ಫೋಲ್ಡರಿಗೆ ಗಿರಾಕಿಯ ಮನೆ ಹೆಸರು, ಊರಿನ ಹೆಸರು ಹಾಕಿಟ್ಟಿದ್ದರು. ಅಮ್ಮ ಅಪ್ಪನ ಇಪ್ಪತ್ತೈದನೇ ವರ್ಷದ ಮದುವೆ ದಿನದ ಕಾರ್ಡಿತ್ತು. ತಾತನ ಕೈಲಾಸ ಪತ್ರಿಕೆ ಇತ್ತು. ನನ್ನ ಸಿಇಟಿ ರ‍್ಯಾಂಕ್ ಬಂದಾಗ ಮಾವ ಹಾಕಿಸಿದ್ದ ಅಭಿನಂದನೆಯ ಬ್ಯಾನರ್ ಕೂಡ ಇತ್ತು. ಆ ರ‍್ಯಾಂಕಿಗೆ ಬ್ಯಾನರ್ ಜಾಸ್ತಿಯೇ ಆಯ್ತು.

ಎಲ್ಲ ಎರಡೂ ಪೆನ್‌ಡ್ರೈವಿಗೆ ಕಾಪಿ ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿ ಮಾವ ಟೈಪ್ ಮಾಡಿಟ್ಟಿದ್ದ ಒಂದು ಅರ್ಜಿ ತೆರೆದೆ. ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ನಡುನಡುವೆ ಪೌಂಡ್ ಚಿಹ್ನೆ. ಆಗ ನೆನಪಾಯ್ತು. ಆ ಕಾಲದಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿದ ಫಾಂಟ್ ಅದು. ಆ ಫಾಂಟ್ ಇದ್ದರೆ ಪೌಂಡ್ ಚಿಹ್ನೆ 'ನ' ಆಗಿ ಕಾಣುತ್ತೆ, ಇಲ್ಲದಿದ್ದರೆ ಪೌಂಡ್ ಪೌಂಡೇ. ಅಂದರೆ 32 ಸಾವಿರದ ಹೊಸ ಯಂತ್ರ ಬಂದಿದ್ದರೂ ಫಾಂಟ್ ಹಾಕೋವರೆಗೆ ಮಾವನ ಹದಿನೈದು ವರ್ಷ ಅದಕ್ಕೆ ಓದೋಕೆ ಬರ್ತಿರಲಿಲ್ಲ. ಪೇಜ್‌ಮೇಕರ್ ಫೈಲುಗಳ ಕಥೆ ಇನ್ನೂ ಕಷ್ಟ, ಈಗಿನ ಇನ್‌ಡಿಸೈನ್ ಅವನ್ನ ನೇರವಾಗಿ ತೆರೆಯೋದೇ ಇಲ್ಲ. ಫಾಂಟುಗಳನ್ನೂ ಕಾಪಿ ಮಾಡ್ಕೊಂಡೆ. ಅಕ್ಷರವನ್ನ ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳಿವೆ, ಮುಖ್ಯವಾದ ಫೈಲುಗಳನ್ನ ಒಂದೊಂದಾಗಿ ಬದಲಿಸಿ ಪಿಡಿಎಫ್ ಮಾಡಿಡೋ ಕೆಲಸ ನನ್ನ ಪಾಲಿಗೆ ಬಂದಿದೆ. ಎಷ್ಟು ಭಾನುವಾರ ಹಿಡಿಯುತ್ತೋ.

ಮಾವ ಪಕ್ಕದಲ್ಲೇ ಕೂತು ಗೇರುಬೀಜದ ಪೊಟ್ಟಣ ಬಿಚ್ಚಿ ತಿಂತಾ ಇದ್ದರು. ಟೇಬಲ್ ಮೇಲೆ ಆ ಸತ್ತ ಕಾರ್ಡ್. ಹೇಳಿಬಿಡೋಣ ಅಂತ ಹೇಳಿದೆ. ಫಾಸ್ಟ್ ಆಗುತ್ತೆ ಅಂದಿದ್ದು ಸುಳ್ಳು, ಗೇಮಿಗೋಸ್ಕರ ತರಿಸಿದ್ದು, ಈಗ ನಿಮ್ಮ ಕಂಪ್ಯೂಟರ್ ಕಪ್ಪಾಗಿದ್ದೂ ಅದರಿಂದಲೇ ಅಂತ.

ಮಾವ ಕಾರ್ಡನ್ನ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಫಾಸ್ಟ್ ಆಗ್ಲೇ ಇಲ್ಲ ಅಂತ ನಂಗೂ ಅನ್ಸಿತ್ತು," ಅಂದರು. "ಪೇಜ್‌ಮೇಕರ್ ಸರಿಯಾಗಿ ಕಲೀದೇ ಇರೋದಕ್ಕೆ ಹಂಗೆ ಅಂದ್ಕೊಂಡಿದ್ದೆ ಕಣೋ."

ಬೈದಿದ್ದರೆ ಚೆನ್ನಾಗಿತ್ತು. ಆ ಮಾತಿಗೆ ನನ್ನ ಹತ್ತಿರ ಏನೂ ಇರಲಿಲ್ಲ. ಅತ್ತೆ ಒಳಗಿಂದ, "1,900ಕ್ಕೆ ಬಡ್ಡಿ ಹಾಕಿ ತಗೊಳ್ಳಿ ಅವನ ಹತ್ರ" ಅಂದರು. ಅಷ್ಟರಲ್ಲಿ ಒಬ್ಬರು ಆದಾಯ ಪ್ರಮಾಣಪತ್ರದ ಅರ್ಜಿ ಬರೆಸೋಕೆ ಬಂದರು. ಮಾವ ನನ್ನನ್ನ ಕುರ್ಚಿಯಿಂದ ಎಬ್ಬಿಸಿ ತಾವು ಕೂತರು. ಸುಮ್ಮನೆ ನೋಡ್ತಾ ನಿಂತೆ. ಕೆ.ಪಿ. ರಾವ್ ಜೋಡಿಸಿದ ಆ ಕೀಲಿಮಣೆ ವಿನ್ಯಾಸದಲ್ಲಿ ಅವರ ಬೆರಳು ಓಡೋ ವೇಗಕ್ಕೆ ಫೋನಿನಲ್ಲಿ ಕನ್ನಡ ಟೈಪ್ ಮಾಡೋ ನಾನು ಹತ್ತಿರಕ್ಕೂ ಬರಲ್ಲ.

ಅಂಗಡಿ ಮುಚ್ಚೋ ಮಾತು ನಾನಾಗಿ ಎತ್ತಲಿಲ್ಲ. ಸಂಜೆ ಸ್ಟೇಷನ್ನಿಗೆ ಬಿಡೋಕೆ ಬಂದಾಗ ಅವರೇ, "ಈ ಸಲದ ಮದುವೆ ಸೀಸನ್ ಒಂದು ನೋಡ್ತೀನಿ" ಅಂದರು. ರಿಪೇರಿಯವನಿಗೆ ಫೋನ್ ಮಾಡಿ ಕಂಪ್ಯೂಟರ್ ಕೊಡಲ್ಲ ಅಂತ ಹೇಳಿದರಂತೆ. ಅವನು ಏನಾಗಿತ್ತು ಅಂತ ಆಸಕ್ತಿಯಿಂದ ಕೇಳಿ, ಗ್ರಾಫಿಕ್ಸ್ ಕಾರ್ಡ್ ಇರಬಹುದು ಅಂತ ಹೊಳೀಲೇ ಇಲ್ಲ, ಇಂಥ ಅಂಗಡಿ ಕಂಪ್ಯೂಟರಿಗೆ ಅದನ್ನ ಯಾರು ಹಾಕ್ತಾರೆ ಸಾರ್ ಅಂದನಂತೆ.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿನ ಮಧ್ಯೆ ಮತ್ತೆ ಮಾವನ ಫೋನ್. ಮ್ಯೂಟ್ ಮಾಡ್ಕೊಂಡು ಎತ್ತಿದೆ.

"ಲೋ, ಮತ್ತೆ ಏನೋ ಕೆಟ್ಟಿದೆ ಕಣೋ."

"ಏನಾಯ್ತು ಮಾವ? ಪರದೆ ಕಪ್ಪಾ?"

"ಪರದೆ ಚೆನ್ನಾಗಿದೆ. ಊದಿನಕಡ್ಡಿ ಹಚ್ಚಿ ಬಂದು ನೋಡಿದ್ರೆ ನೇರ ಒಳಗೆ ಹೋಗಿ ಕೂತಿದೆ. ಎಫ್1 ಕೇಳಲೇ ಇಲ್ಲ."